ಪದಚರ್ಚೆ: ‘ಕಂಟ್ರೋಲರ್ ಡಿಟೆಕ್ಷನ್’ಗೆ ‘ಪತ್ತೆ’ ಸಾಕೇ?

ಪ್ರಶ್ನೆ: ಸ್ಪ್ರಿಂಗ್ ಎಂವಿಸಿ (ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟು) ಕುರಿತ ಕೈಪಿಡಿಯ ಕರಡಿನಲ್ಲಿ ‘ಕಾಂಪೊನೆಂಟ್ ಸ್ಕ್ಯಾನ್’, ‘ಕಂಟ್ರೋಲರ್ ಡಿಟೆಕ್ಷನ್’ (ಕಂಟ್ರೋಲರ್ ಎಂದರೆ ವೆಬ್ ವಿನಂತಿಗಳಿಗೆ ಉತ್ತರಿಸುವ ಕ್ಲಾಸ್) ಎರಡಕ್ಕೂ ‘ಪತ್ತೆ ಹಚ್ಚುವಿಕೆ’ ಎಂದೇ ಇದೆ. ಕೋಡ್‌ನಲ್ಲಿ @ ಹಾಕಿ ಬರೆಯುವ ಅನೊಟೇಶನ್‌ಗೆ ‘ಟಿಪ್ಪಣಿ’. ಓದಲು ಸಲೀಸು. ಆದರೆ ಇದನ್ನು ನೋಡಿಕೊಂಡು ಕಾನ್ಫಿಗರ್ ಮಾಡುವವರಿಗೆ ತೊಡಕಾಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ. ಅವು ಎರಡು ಬೇರೆ ಕೆಲಸ, ಒಂದಾದ ಮೇಲೆ ಒಂದು ನಡೆಯುವಂಥವು.

ಸ್ಕ್ಯಾನ್ ಎಂದರೆ, ಕೊಟ್ಟ ಬೇಸ್ ಪ್ಯಾಕೇಜ್ ಮತ್ತು ಅದರ ಕೆಳಗಿನ ಕ್ಲಾಸ್ ಫೈಲುಗಳನ್ನೆಲ್ಲ ಓದಿ, @ಕಾಂಪೊನೆಂಟ್ ಅಥವಾ ಅದರ ಬಳಗದ @ಕಂಟ್ರೋಲರ್, @ಸರ್ವಿಸ್ ಇದ್ದವನ್ನು ಬೀನ್‌ಗಳಾಗಿ, ಅಂದರೆ ಸ್ಪ್ರಿಂಗ್ ತಾನೇ ಹುಟ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್‌ಗಳಾಗಿ, ದಾಖಲಿಸುವುದು. ಸ್ಪ್ರಿಂಗ್‌ನ 2007ರ 2.5ನೇ ಆವೃತ್ತಿಯಿಂದ ಬಂದದ್ದು. ಇದಕ್ಕೆ ‘ಜಾಲಾಡು’ ಒಪ್ಪುತ್ತದೆ: ಮನೆಯೆಲ್ಲ ಜಾಲಾಡಿದರು ಎಂದರೆ ಪಕ್ಕದ ಮನೆ ಜಾಲಾಡಿದರು ಎಂದಲ್ಲ. ಸ್ಪ್ರಿಂಗ್ ಬೂಟ್‌ನಲ್ಲಿ ಎಡವುವುದೇ ಇಲ್ಲಿ: ಅಲ್ಲಿ ಜಾಲಾಟ ಮೇನ್ ಕ್ಲಾಸ್ ಇರುವ ಪ್ಯಾಕೇಜ್‌ನಿಂದ ಕೆಳಕ್ಕೆ ಮಾತ್ರ. ಮೇನ್ ಕ್ಲಾಸ್ ‘ಕಾಮ್.ಅಂಗಡಿ.ಆ್ಯಪ್’ನಲ್ಲಿ, ಕಂಟ್ರೋಲರ್ ‘ಕಾಮ್.ಅಂಗಡಿ.ವೆಬ್’ನಲ್ಲಿ ಇದ್ದರೆ ಜಾಲಾಟ ಅಲ್ಲಿಗೆ ಮುಟ್ಟುವುದೇ ಇಲ್ಲ, ಸಿಗುವುದು 404 (‘ಪುಟ ಸಿಗಲಿಲ್ಲ’ ಎಂಬ ಉತ್ತರ). ಮೇನ್ ಕ್ಲಾಸನ್ನು ‘ಕಾಮ್.ಅಂಗಡಿ’ಗೆ ಏರಿಸಿದರೆ ಸರಿಹೋಗುತ್ತದೆ.

ಡಿಟೆಕ್ಷನ್ ಆಮೇಲಿನದು. ಆಗಲೇ ದಾಖಲಾದ ಬೀನ್‌ಗಳಲ್ಲಿ @ಕಂಟ್ರೋಲರ್ ಯಾವುದರ ಮೇಲಿದೆ ಎಂದು ನೋಡಿ, ಅದರ ಮೆಥಡ್‌ಗಳಿಗೆ ಯುಆರ್‌ಎಲ್ ಜೋಡಿಸುವ ಕೆಲಸ. ಮಾಡುವುದು ರಿಕ್ವೆಸ್ಟ್‌ಮ್ಯಾಪಿಂಗ್ ಹ್ಯಾಂಡ್ಲರ್‌ಮ್ಯಾಪಿಂಗ್ ಎಂಬ ಸ್ಪ್ರಿಂಗ್‌ನದೇ ಕ್ಲಾಸ್. ಇಲ್ಲಿ ಹುಡುಕಾಟವಿಲ್ಲ, ಎದುರಿಗಿರುವವರ ಗುರುತು ಹಿಡಿಯುವುದಷ್ಟೆ. ಹಾಗಾಗಿ ‘ಗುರುತಿಸು’.

ಎಕ್ಸ್‌ಎಂಎಲ್ ಫೈಲಿನಲ್ಲಿ ಕಾನ್ಫಿಗರ್ ಮಾಡುತ್ತಿದ್ದ ಕಾಲದ ಅಪ್ಲಿಕೇಶನ್‌ಗಳಲ್ಲಿ ಈ ಭೇದಕ್ಕೆ ಬೆಲೆ ಹೆಚ್ಚು. ಅಲ್ಲಿ ಕಾಂಟೆಕ್ಸ್ಟ್ (ಬೀನ್‌ಗಳನ್ನು ಇಟ್ಟುಕೊಳ್ಳುವ ಕಣಜ) ಎರಡು: ಮೇಲಿನ ರೂಟ್ ಒಂದು, ಬಂದ ವಿನಂತಿಗಳನ್ನು ಹಂಚುವ ಡಿಸ್‌ಪ್ಯಾಚರ್ ಸರ್ವ್‌ಲೆಟ್‌ನದು ಇನ್ನೊಂದು. ಸ್ಕ್ಯಾನ್ ರೂಟ್‌ನಲ್ಲಿ, ಗುರುತಿಸುವ ಕೆಲಸಕ್ಕೆ ಹಚ್ಚುವ ‘ಎಂವಿಸಿ ಅನೊಟೇಶನ್ ಡ್ರಿವನ್’ ಸಾಲನ್ನು ಸರ್ವ್‌ಲೆಟ್‌ನಲ್ಲಿ ಬರೆದರೆ ಬೀನ್ ಹುಟ್ಟುತ್ತದೆ, ಎರರ್ ಬರುವುದಿಲ್ಲ, ಆದರೂ 404. ಗುರುತಿಸುವಾತ ತನ್ನ ಕಾಂಟೆಕ್ಸ್ಟನ್ನು ಮಾತ್ರ ನೋಡುತ್ತಾನೆ, ಮೇಲಿನದನ್ನು ನೋಡುವುದಿಲ್ಲ, ಡೀಫಾಲ್ಟ್ ಹಾಗಿದೆ. ಜಾಲಾಡಿದ್ದಾಗಿದೆ, ಗುರುತಿಸಿಲ್ಲ! ‘ಪತ್ತೆಯಾಗಿದೆ, ಆದರೆ ಪತ್ತೆಯಾಗಿಲ್ಲ’ ಎಂದು ಬರೆದರೆ ಯಾರಿಗೆ ಏನು ಅರ್ಥವಾದೀತು?

ಸಿಟ್ಟಿನಲ್ಲಿ ಎರಡೂ ಕಡೆ ಎಲ್ಲವನ್ನೂ ಸ್ಕ್ಯಾನ್ ಮಾಡಬೇಡಿ. ಸರ್ವಿಸ್‌ಗಳಿಗೆ ಎರಡೆರಡು ಪ್ರತಿ ಹುಟ್ಟುತ್ತವೆ. ಕಂಟ್ರೋಲರ್‌ಗೆ ಸಿಗುವುದು ಸರ್ವ್‌ಲೆಟ್ ಕಡೆಯದು, ಟ್ರಾನ್ಸಾಕ್ಷನ್ (ಡೇಟಾಬೇಸ್ ಬದಲಾವಣೆಗಳು ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಏರ್ಪಾಡು) ಘೋಷಿಸಿರುವುದು ರೂಟ್‌ನಲ್ಲಿ. @ಟ್ರಾನ್ಸಾಕ್ಷನಲ್ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ಸರ್ವ್‌ಲೆಟ್‌ನಲ್ಲಿ ವೆಬ್ ಪ್ಯಾಕೇಜ್ ಮಾತ್ರ ಸ್ಕ್ಯಾನ್ ಮಾಡಿ, ರೂಟ್‌ನಲ್ಲಿ ಎಕ್ಸ್‌ಕ್ಲೂಡ್ ಫಿಲ್ಟರ್ ಹಾಕಿ ಕಂಟ್ರೋಲರ್‌ಗಳನ್ನು ಹೊರಗಿಡಿ.

ಇನ್‌ಕ್ಲೂಡ್ ಫಿಲ್ಟರ್ ಬಗ್ಗೆ ಕರಡಿನಲ್ಲಿ ‘ಇವುಗಳನ್ನೇ ಸೇರಿಸು’ ಎಂದಿದ್ದರೆ ಮೊದಲು ತಿದ್ದಿ. ಅದರ ಅರ್ಥ ‘ಇವುಗಳನ್ನೂ ಸೇರಿಸು’. @ಕಾಂಪೊನೆಂಟ್ ಬಳಗವನ್ನು ಹಿಡಿಯುವ ಡೀಫಾಲ್ಟ್ ಫಿಲ್ಟರ್‌ಗಳು ಹಾಗೇ ಇರುತ್ತವೆ, ಇದು ಅವುಗಳ ಜೊತೆ ಕೂಡುತ್ತದೆ. ಯೂಸ್ ಡೀಫಾಲ್ಟ್ ಫಿಲ್ಟರ್ಸ್ ಅನ್ನು ‘ಫಾಲ್ಸ್’ ಮಾಡಿದಾಗಲೇ ಊಕಾರ ಏಕಾರವಾಗುವುದು.

‘ಟಿಪ್ಪಣಿ’ ಬೇಡ. ಕೋಡ್‌ನಲ್ಲಿ ಟಿಪ್ಪಣಿ ಎಂದರೆ ಕಾಮೆಂಟ್, ಅದನ್ನು ಕಂಪೈಲರ್ ಬಿಟ್ಟುಬಿಡುತ್ತದೆ. @ಕಂಟ್ರೋಲರ್ ಹಾಗಲ್ಲ, ರನ್‌ಟೈಮ್‌ವರೆಗೂ ಕ್ಲಾಸ್‌ನ ಜೊತೆ ಉಳಿಯುತ್ತದೆ. ‘ಗುರುತು’ ಎಂದರೆ ಗುರುತಿಸುವುದಕ್ಕೂ ಹೊಂದುತ್ತದೆ. ಯಾವ ಗುರುತು ಎಂಬುದನ್ನೂ ಹೇಳಿ: ಸ್ಪ್ರಿಂಗ್ 5ರವರೆಗೆ ಕ್ಲಾಸ್ ಮೇಲೆ ಬರೀ @ರಿಕ್ವೆಸ್ಟ್‌ಮ್ಯಾಪಿಂಗ್ ಇದ್ದರೂ ನಡೆಯುತ್ತಿತ್ತು, 6ರಿಂದ ನಡೆಯದು.

ಕಂಟ್ರೋಲರ್‌ಗೆ ‘ನಿಯಂತ್ರಕ’ ಅಡ್ಡಿಯಿಲ್ಲ. ಬಸ್ ನಿಲ್ದಾಣದ ಸಂಚಾರ ನಿಯಂತ್ರಕರ ಕೆಲಸವೂ ಹೆಚ್ಚುಕಡಿಮೆ ಅದೇ. ಬೀನ್, ಕಾಂಟೆಕ್ಸ್ಟ್, ಪ್ಯಾಕೇಜ್ ಇದ್ದಂತೆಯೇ ಇರಲಿ. ‘ಪೊಟ್ಟಣ’ ಕಟ್ಟುವುದು ಬೇಡ.

ಕರಡಿಗೆ ಈ ವಾಕ್ಯ ನೋಡಿ: ‘ಜಾಲಾಡಿದಾಗ ಸಿಕ್ಕ ಬೀನ್‌ಗಳಲ್ಲಿ, @ಕಂಟ್ರೋಲರ್ ಗುರುತಿರುವ, ಅದೇ ಕಾಂಟೆಕ್ಸ್ಟ್‌ನಲ್ಲಿರುವ ಬೀನ್‌ಗಳನ್ನಷ್ಟೇ ನಿಯಂತ್ರಕಗಳೆಂದು ಗುರುತಿಸಲಾಗುತ್ತದೆ.’