ಹರಿವು, ಪೂರೈಕೆ, ಮಿಡಿತ: ಹೃದಯ-ಶ್ವಾಸಕೋಶ ಯಂತ್ರದ ಬಗ್ಗೆ ಬರೆಯಲು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಹೃದಯದ ಆಪರೇಷನ್‌ಗೆ ಬರುವವರ ಮನೆಯವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಯಂತ್ರ ಮಾಡುವ ಹೊತ್ತಿನಲ್ಲಿ ಕಿಡ್ನಿ, ಮೆದುಳು ಹೇಗಿರುತ್ತವೆ ಎಂದು ಹೇಳುವ ಪುಟದಲ್ಲಿ ಪದ ಸಾಲುತ್ತಿಲ್ಲ.

ಫ್ಲೋ (ಪಂಪು ತಳ್ಳುವ ರಕ್ತ), ಪರ್ಫ್ಯೂಶನ್ (ಅಂಗದ ಒಳಗೆ ತಲುಪುವ ರಕ್ತ) ಎರಡಕ್ಕೂ ‘ರಕ್ತದ ಹರಿವು’ ಎಂದು ಬರೆದರೆ ಮುಖ್ಯ ವಿಷಯವೇ ತಪ್ಪಿಹೋಗುತ್ತದೆ. ಮೈ ಬಿಸಿ ಮಾಮೂಲಾಗಿದ್ದಾಗ ಪಂಪು ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 2.2ರಿಂದ 2.4 ಲೀಟರ್ ರಕ್ತ ತಳ್ಳುತ್ತದೆ. ಈ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಕಿಡ್ನಿಯ ಒಳಭಾಗಕ್ಕೆ ಸಾಕಷ್ಟು ಆಕ್ಸಿಜನ್ ಸಿಕ್ಕಿತು ಅಂತಲ್ಲ. ಕಿಡ್ನಿಗೆ ಬರುವ ರಕ್ತದ ಹೆಚ್ಚಿನ ಪಾಲು ಹೊರಪದರಕ್ಕೇ ಹೋಗುತ್ತದೆ. ಒಳಭಾಗ ಯಾವಾಗಲೂ ಕಡಿಮೆ ಆಕ್ಸಿಜನ್‌ನಲ್ಲೇ ದುಡಿಯುತ್ತಿರುತ್ತದೆ. ಜತೆಗೆ, ಯಂತ್ರದ ಕೊಳವೆಗಳಲ್ಲಿ ಮೊದಲೇ ತುಂಬಿಸಿಟ್ಟ ದ್ರವ ಸೇರಿ ರಕ್ತ ತೆಳುವಾಗುತ್ತದೆ. ಅಷ್ಟೇ ಲೀಟರ್ ಹರಿದರೂ ಅದು ಹೊತ್ತು ತರುವ ಆಕ್ಸಿಜನ್ ಕಮ್ಮಿ. ಆಪರೇಷನ್ ಆದಮೇಲೆ ಕೆಲವರಿಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಏರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಪಂಪಿನದು ‘ಹರಿವು’, ಅಂಗದ ಒಳಗೆ ತಲುಪುವುದು ‘ರಕ್ತ ಪೂರೈಕೆ’ ಎಂದು ಬೇರೆ ಮಾಡಲೇಬೇಕು ಅನ್ನಿಸುತ್ತದೆ. ನೀರು ಪೂರೈಕೆ ಅಂದರೆ ಟ್ಯಾಂಕಿನಿಂದ ಎಷ್ಟು ಬಿಟ್ಟರು ಅಂತಲ್ಲ, ಮನೆಯ ನಲ್ಲಿಗೆ ಬಂತಾ ಅಂತ ತಾನೇ ಕೇಳುತ್ತೇವೆ? ‘ರಕ್ತ ಸಂಚಾರ’ ಇಲ್ಲಿ ಬೇಡ, ಅದು ಇಡೀ ದೇಹದ ಸುತ್ತಾಟ.

ಇನ್ನೊಂದು ತೊಡಕು. ಈ ಪಂಪು ಸಾಮಾನ್ಯವಾಗಿ ಒಂದೇ ಸಮ ರಕ್ತ ತಳ್ಳುತ್ತದೆ, ನಾಡಿ ಬಡಿತ ಇರುವುದಿಲ್ಲ. ನಾನ್‌ಪಲ್ಸಟೈಲ್‌ಗೆ ‘ಮಿಡಿತವಿಲ್ಲದ ಹರಿವು’ ಅನ್ನಬಹುದು. ಆದರೆ ಅಪ್ಪನನ್ನು ಒಳಗೆ ಕಳಿಸಿ ಹೊರಗೆ ಕೂತ ಮಗಳು ಅದನ್ನು ಓದಿದರೆ ಗಾಬರಿಯಾಗುತ್ತಾಳೆ, ಅಲ್ವಾ? ಮಿಡಿತ ಕೊಟ್ಟು ಹರಿಸಿದರೆ ಅಂಗಗಳಿಗೆ ನಿಜವಾಗಿ ಜಾಸ್ತಿ ಒಳ್ಳೆಯದೇ ಎಂಬ ಚರ್ಚೆ ವೈದ್ಯರಲ್ಲೇ ಮುಗಿದಿಲ್ಲ. ಹಾಗಿರುವಾಗ ಏನೋ ಕೊರತೆ ಇದೆ ಅನ್ನಿಸುವ ಪದ ಯಾಕೆ? ‘ಒಂದೇ ಸಮನಾದ ಹರಿವು’ ಹೇಗೆ?

ಈ ಯಂತ್ರದ ಬಳಕೆಗೆ ಇಂಗ್ಲಿಷಿನಲ್ಲಿ ‘ಕಾರ್ಡಿಯೋಪಲ್ಮನರಿ ಬೈಪಾಸ್’ ಅನ್ನುತ್ತಾರೆ, ಆದರೆ ‘ಬೈಪಾಸ್’ ಪದವನ್ನಂತೂ ನಾನು ಯಂತ್ರಕ್ಕೆ ಬಳಸುವುದಿಲ್ಲ. ಜನರಿಗೆ ಬೈಪಾಸ್ ಅಂದರೆ ಹೃದಯದ ರಕ್ತನಾಳದ ಆಪರೇಷನ್. ಅದನ್ನು ಯಂತ್ರವಿಲ್ಲದೆಯೂ ಮಾಡುತ್ತಾರೆ. ಯಂತ್ರವೂ ಆ ಆಪರೇಷನ್‌ಗೆ ಮಾತ್ರ ಅಲ್ಲ: 1953ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸರ್ಜನ್ ಜಾನ್ ಗಿಬ್ಬನ್ ಈ ಯಂತ್ರವಿಟ್ಟುಕೊಂಡು ಮೊದಲ ಸಲ ಗೆದ್ದ ಆಪರೇಷನ್ನು ಹೃದಯದ ಗೋಡೆಯ ತೂತು ಮುಚ್ಚುವಂಥದ್ದು.

ಆಪರೇಷನ್ ಥಿಯೇಟರಿನಲ್ಲಿ, ಐಸಿಯುನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ‘ಪರ್ಫ್ಯೂಶನ್ ಕಮ್ಮಿಯಾಗಿದೆ’ ಅನ್ನುವುದನ್ನು ರೋಗಿಯ ಮನೆಯವರಿಗೆ ಕನ್ನಡದಲ್ಲಿ ಹೇಗೆ ಹೇಳುತ್ತೀರಿ?