ಪತ್ರಿಕೆ ಬಿಟ್ಟು ರಾಜಕಾರಣಿಯ ಮಾಧ್ಯಮ ತಂಡ ಸೇರಿದರೆ, ಮುಂದೆ ಅಂಕಣಕಾರನಾಗಿ ವಾಪಸ್ ಬರಬಹುದಾ?

ಕರಡುಪ್ರತಿ:

ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ. ರಾಜಕೀಯ ಸುದ್ದಿ ತಿದ್ದುವುದು, ತಲೆಬರಹ ಕೊಡುವುದು ನನ್ನ ಕೆಲಸ. ಈಗ ಒಬ್ಬ ರಾಜಕಾರಣಿಯ ಮಾಧ್ಯಮ ತಂಡಕ್ಕೆ ಬನ್ನಿ ಅಂತ ಕರೆದಿದ್ದಾರೆ. ಪ್ರೆಸ್ ನೋಟ್, ಭಾಷಣ, ಸೋಷಿಯಲ್ ಮೀಡಿಯಾ ಎಲ್ಲ ನನ್ನ ತಲೆ ಮೇಲೆಯೇ. ಸಂಬಳ ಈಗಿನದಕ್ಕಿಂತ ಜಾಸ್ತಿ.

ಆದರೆ ನನ್ನ ಆಸೆ ಬೇರೆ. ಮುಂದೆ ರಾಜಕೀಯದ ಬಗ್ಗೆ ನನ್ನದೇ ಹೆಸರಲ್ಲಿ ಬರೆಯಬೇಕು, ಟಿವಿ ಚರ್ಚೆಗಳಲ್ಲಿ ಕೂರಬೇಕು. ಒಂದು ಸಲ "ಅವರ ಕಡೆಯವನು" ಅನ್ನಿಸಿಕೊಂಡ ಮೇಲೆ ನನ್ನ ಮಾತನ್ನು ಯಾರಾದರೂ ನಂಬ್ತಾರಾ? ಪಬ್ಲಿಕ್ ಅಫೇರ್ಸ್ ಅಂತ ಇನ್ನೊಂದು ದಾರಿ ಇದೆಯಂತೆ, ಅದೇನು ಅಂತಲೂ ಸರಿಯಾಗಿ ಗೊತ್ತಿಲ್ಲ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. "ಮನಸ್ಸು ಹೇಳಿದ್ದನ್ನು ಮಾಡಿ" ಅಂತ ಮಾತ್ರ ಬರೀಬೇಡಿ ಪ್ಲೀಸ್.

ರಾತ್ರಿಪಾಳಿ:

ಹೋಗಬೇಡಿ. ನಮ್ಮ ಜೊತೆ ಇದ್ದ ಒಬ್ಬರು ಹೋದರು. ಈಗ ಅವರು ಏನು ಬರೆದರೂ ಕೆಳಗೆ ಬರುವ ಮೊದಲ ಕಾಮೆಂಟೇ "ಎಷ್ಟು ಕೊಟ್ರು?" ಅಂತ. ಆ ಕಡೆ ಹೋದವರಿಗೆ ಈ ಕಡೆ ಬಾಗಿಲು ಮುಚ್ಚಿದ ಹಾಗೇನೇ.

ಮಾಜಿ ವಕ್ತಾರೆ:

ರಾತ್ರಿಪಾಳಿಯವರ ಮಾತು ಅರ್ಧ ಸರಿ. ಆ ಕಡೆ ಹೋದರು ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಬಾಗಿಲು ಮುಚ್ಚಿಲ್ಲ. ಅಲ್ಲಿದ್ದಾಗ ವರದಿಗಾರರಿಗೆ ಸುಳ್ಳು ಹೇಳಿದವರಿಗೆ ಮುಚ್ಚಿದೆ. ವಾಪಸ್ ಬಂದ ಮೇಲೆ ಓದುಗರಿಂದ ಏನಾದರೂ ಮುಚ್ಚಿಟ್ಟವರಿಗೆ ಮುಚ್ಚಿದೆ.

ನಾನು ವರದಿಗಾರ್ತಿಯಾಗಿದ್ದೆ. ಆಮೇಲೆ ಬಹಳ ವರ್ಷ ಒಂದು ಪಕ್ಷದ ಮಾಧ್ಯಮ ವಿಭಾಗದಲ್ಲಿದ್ದೆ. ಈಗ ಅಂಕಣ ಬರೆಯುತ್ತೇನೆ. ಪಕ್ಷದ ಹೆಸರು ಇಲ್ಲಿ ಬೇಡ. ನನ್ನ ಅಂಕಣದ ಕೆಳಗೆ ಮಾತ್ರ ಅದು ಪ್ರತಿ ಸಲವೂ ಇರುತ್ತದೆ. ಅದನ್ನು ತೆಗೆಯಬೇಡಿ ಅಂತ ಸಂಪಾದಕರಿಗೆ ನಾನೇ ಹೇಳಿದ್ದೇನೆ.

ಹೋಗಿ ಬಂದವರು ಎಷ್ಟೋ ಜನ. ವಿಲಿಯಂ ಸಫೈರ್ ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಭಾಷಣ ಬರೆದುಕೊಡುತ್ತಿದ್ದವರು. 1973ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರರಾದರು, 1978ರಲ್ಲಿ ಪುಲಿಟ್ಜರ್ (ಅಲ್ಲಿನ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ) ಬಂತು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟವಾದ ದಿನ ಅಧ್ಯಕ್ಷ ರೇಗನ್ ಮಾಡಿದ ಭಾಷಣ ಬರೆದವರು ಪೆಗಿ ನೂನನ್. ಅವರಿಗೂ 2017ರಲ್ಲಿ ಅಂಕಣಗಳಿಗಾಗಿ ಪುಲಿಟ್ಜರ್ ಸಿಕ್ಕಿತು. ಇಬ್ಬರೂ ಎಲ್ಲಿಂದ ಬಂದವರು ಅನ್ನೋದು ಓದುಗರಿಗೆ ಚೆನ್ನಾಗಿ ಗೊತ್ತಿತ್ತು. ಒಪ್ಪದವರು ಬೈದುಕೊಂಡೇ ಓದಿದರು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ನಮ್ಮ ಎಚ್.ವೈ. ಶಾರದಾ ಪ್ರಸಾದ್ ಕೂಡ ಮೂಲತಃ ಪತ್ರಕರ್ತರೇ ಅಲ್ವಾ.

ಈಗ ಇನ್ನೊಂದು ಬಗೆಯವರನ್ನು ನೋಡಿ. 1980ರ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿ ಕಾರ್ಟರ್ ಜೊತೆಗಿನ ಚರ್ಚೆಗೆ ರೇಗನ್ ತಯಾರಿ ನಡೆಸಿದಾಗ ಅಂಕಣಕಾರ ಜಾರ್ಜ್ ವಿಲ್ ಸಹಾಯಕ್ಕೆ ಹೋಗಿದ್ದರು. ಚರ್ಚೆ ಮುಗಿದ ಮೇಲೆ ಟಿವಿಯಲ್ಲಿ ಕೂತು ರೇಗನ್‌ರನ್ನು ಹೊಗಳಿದರು. ತಯಾರಿಯ ವಿಷಯ ಬಾಯಿ ಬಿಡಲಿಲ್ಲ. ಅದು ಹೊರಗೆ ಬಂದಿದ್ದು 1983ರಲ್ಲಿ. ಆರ್ಮ್‌ಸ್ಟ್ರಾಂಗ್ ವಿಲಿಯಮ್ಸ್ ಅನ್ನೋ ವಿಶ್ಲೇಷಕರದ್ದು ಇನ್ನೂ ಕೆಟ್ಟದ್ದು. ಸರ್ಕಾರದ ಶಿಕ್ಷಣ ಕಾಯ್ದೆಯನ್ನು ತಮ್ಮ ಕಾರ್ಯಕ್ರಮದಲ್ಲಿ ಹೊಗಳಲು ಅಮೆರಿಕದ ಶಿಕ್ಷಣ ಇಲಾಖೆಯಿಂದಲೇ 2,40,000 ಡಾಲರ್‌ಗಳ ಗುತ್ತಿಗೆ. 2005ರಲ್ಲಿ ಬಯಲಾಯಿತು, ಅಂಕಣ ಹಂಚುತ್ತಿದ್ದ ಸಂಸ್ಥೆ ಕೈ ಬಿಟ್ಟಿತು. ಅವರ ಅಭಿಪ್ರಾಯ ನಿಜವಾಗಿಯೂ ಅವರದ್ದೇ ಇದ್ದಿರಬಹುದು. ಆಮೇಲೆ ಅದನ್ನು ಕೇಳುವವರು ಯಾರು?

ನಿಮ್ಮಂಥ ಸಂದೇಹ ಇರುವವರಿಗೆ ನಾನು ಯಾವಾಗಲೂ ಹೇಳೋದು ಜೆರಾಲ್ಡ್ ಟೆರ್‌ಹೋರ್ಸ್ಟ್ ಕಥೆ. ಡೆಟ್ರಾಯಿಟ್ ನ್ಯೂಸ್‌ನ ವಾಷಿಂಗ್ಟನ್ ವರದಿಗಾರ. 1974ರ ಆಗಸ್ಟ್‌ನಲ್ಲಿ ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾದಾಗ ಅವರ ಪತ್ರಿಕಾ ಕಾರ್ಯದರ್ಶಿಯಾದರು. ವಾಟರ್‌ಗೇಟ್ ಹಗರಣದಿಂದಾಗಿ ರಾಜೀನಾಮೆ ಕೊಟ್ಟಿದ್ದ ನಿಕ್ಸನ್‌ಗೆ ಕ್ಷಮಾದಾನ ಕೊಡ್ತಾರಾ ಅಂತ ವರದಿಗಾರರು ಕೇಳುತ್ತಿದ್ದರು. ಒಳಗಿನವರನ್ನು ಕೇಳಿದರೆ ಹಾಗೇನೂ ಇಲ್ಲ ಅಂದರು. ಇವರು ಅದನ್ನೇ ಹೊರಗೆ ಹೇಳಿದರು. ಸೆಪ್ಟೆಂಬರ್ 8ರ ಭಾನುವಾರ ಕ್ಷಮಾದಾನ ಬಂತು. ಅವತ್ತೇ ಇವರ ರಾಜೀನಾಮೆಯೂ ಬಂತು. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂತ ಆತ್ಮಸಾಕ್ಷಿಯ ಕಾರಣಕ್ಕೆ ನಿಂತ ಹುಡುಗರಿಗೆ ಇಲ್ಲದ ಕ್ಷಮೆ ನಿಕ್ಸನ್‌ಗೆ ಯಾಕೆ, ಇದನ್ನು ನಾನು ಸಮರ್ಥಿಸಲಾರೆ ಅನ್ನೋದು ಅವರ ಪತ್ರದ ಸಾರ. ಕೆಲಸ ಇದ್ದದ್ದು ಸುಮಾರು ಒಂದು ತಿಂಗಳು ಅಷ್ಟೇ. ಆಮೇಲೆ ಹಳೇ ಪತ್ರಿಕೆಗೇ ಅಂಕಣಕಾರರಾಗಿ ವಾಪಸ್. ಮುಂದೆ ಫೋರ್ಡ್ ಮೋಟಾರ್ ಕಂಪನಿಯ ವಾಷಿಂಗ್ಟನ್ ಕಚೇರಿಯಲ್ಲಿ ಪಬ್ಲಿಕ್ ಅಫೇರ್ಸ್. (ಅಧ್ಯಕ್ಷ ಫೋರ್ಡ್ ಬೇರೆ, ಕಂಪನಿ ಫೋರ್ಡ್ ಬೇರೆ. ಆ ಹೆಸರು ಅವರನ್ನು ಬಿಡಲೇ ಇಲ್ಲ ನೋಡಿ.) ನೀವು ಕೇಳಿದ ಮೂರೂ ದಾರಿಯಲ್ಲಿ ಒಬ್ಬರೇ ನಡೆದಿದ್ದಾರೆ.

ಅವರ ಕಥೆಯಲ್ಲಿ ಎಲ್ಲರೂ ರಾಜೀನಾಮೆಯನ್ನು ನೋಡುತ್ತಾರೆ. ನನಗೆ ಮುಖ್ಯ ಅನ್ನಿಸೋದು ಅದಕ್ಕೂ ಮುಂಚಿನದ್ದು. ತೀರ್ಮಾನ ಆಗುವ ಕೋಣೆಯೊಳಗೆ ಅವರನ್ನು ಕೂರಿಸಿರಲಿಲ್ಲ. ಹೊರಗೆ ನಿಂತವರಿಂದ ಒಳಗಿನ ಮಾತು ಹೇಳಿಸಿದರೆ ಇವತ್ತಲ್ಲ ನಾಳೆ ಸುಳ್ಳು ಹೇಳಿಸಿಯೇ ತೀರುತ್ತಾರೆ. ಬೇಕಂತಲೇ ಇರಬೇಕಾಗಿಲ್ಲ.

ಇನ್ನು ದಿನದ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಪತ್ರಿಕೆ, ಚಾನೆಲ್ಲು, ವಾಟ್ಸಾಪ್ ಗುಂಪು ಎಲ್ಲ ನೋಡಿ ಒಂದು ಪುಟದ ಟಿಪ್ಪಣಿ. ಇವತ್ತು ಏನು ಕೇಳ್ತಾರೆ, ನಾವೇನು ಹೇಳ್ತೀವಿ. ನಮ್ಮಲ್ಲಿ ಒಂದು ಪದ್ಧತಿ ಇತ್ತು: ಅತಿ ಕೆಟ್ಟ ಪ್ರಶ್ನೆ ಮೊದಲು ಬರೀಬೇಕು. ನಾಯಕರಿಗೆ ಅದು ಸೇರುವುದಿಲ್ಲ. ಮುಖ ಗಂಟು ಹಾಕಿಕೊಳ್ತಾರೆ. ಕೊನೆಗೆ ಬರೆದರೆ ಅಲ್ಲಿಯವರೆಗೆ ಓದುವುದೇ ಇಲ್ಲ, ಕಾರು ಬಂದುಬಿಟ್ಟಿರುತ್ತದೆ.

ಹೇಳಿಕೆ ಬರೆಯೋದು ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡ್ತೀನಿ. ಸೇತುವೆಯೊಂದರಲ್ಲಿ ಬಿರುಕು ಕಂಡಿತ್ತು. ನನ್ನ ಕರಡು ಹೀಗಿತ್ತು: "ಇವತ್ತು ಸಂಜೆಯಿಂದ ಸೇತುವೆ ಮೇಲೆ ಭಾರಿ ವಾಹನ ಬಿಡುವುದಿಲ್ಲ. ಎಂಜಿನಿಯರುಗಳು ಪರೀಕ್ಷೆ ಮಾಡುತ್ತಿದ್ದಾರೆ. ವರದಿ ಬಂದ ದಿನವೇ ಜನರಿಗೆ ಕೊಡುತ್ತೇವೆ." ಇದು ಕಾನೂನು ಸಲಹೆಗಾರರ ಹತ್ತಿರ ಹೋಯಿತು, ಅಲ್ಲಿಂದ ಇನ್ನಿಬ್ಬರ ಹತ್ತಿರ. ತಿರುಗಿ ಬಂದಾಗ: "ಸೇತುವೆಯ ಸುರಕ್ಷತೆಯ ಕುರಿತು ಅಗತ್ಯ ಕ್ರಮಗಳನ್ನು ಕೈಗೊಳ್ಳಲಾಗುತ್ತಿದ್ದು, ಸಾರ್ವಜನಿಕರು ಆತಂಕಪಡಬೇಕಾಗಿಲ್ಲ." ಲಾರಿ ಹೋಗಬಹುದಾ ಇಲ್ಲವಾ? ಯಾರು ಏನು ಮಾಡ್ತಿದ್ದಾರೆ? ಒಂದೂ ಇಲ್ಲ. ಆತಂಕಪಡಬೇಡಿ ಅಂದ ಕೂಡಲೇ ಜನ ಆತಂಕಪಡ್ತಾರೆ, ಅದು ಬೇರೆ ಮಾತು. ನಾನು ಕೂತು ವಾದ ಮಾಡಿ ಮೊದಲ ಎರಡು ವಾಕ್ಯ ಉಳಿಸಿಕೊಂಡೆ, ಮೂರನೆಯದು ಹೋಯಿತು. ಈ ಕೆಲಸದಲ್ಲಿ ಗೆಲುವು ಅಂದರೆ ಬಹುತೇಕ ಇಷ್ಟೇ. ಡೆಸ್ಕಿನಲ್ಲಿದ್ದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ನಿಮಗೂ ಒಗ್ಗೀತು.

ಫೋನಿನಲ್ಲಿ ಸುಳ್ಳು ಹೇಳದೆ ಇರೋದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. "ಅವರು ರಾಜೀನಾಮೆ ಕೊಡ್ತಾರಂತೆ, ಹೌದಾ?" ಅಂತ ಕೇಳ್ತಾರೆ. ಸುಳ್ಳು ಸುದ್ದಿಯಾದಾಗಲೆಲ್ಲ "ಇಲ್ಲ" ಅಂದು, ನಿಜವಾದಾಗ ಮಾತ್ರ "ಅದರ ಬಗ್ಗೆ ಮಾತಾಡಲ್ಲ" ಅಂದರೆ ಮುಗೀತು. ವರದಿಗಾರರು ದಡ್ಡರಲ್ಲ, ನಿಮ್ಮ ಮೌನವೇ ಅವರಿಗೆ ಸುದ್ದಿ. ಅದಕ್ಕೇ ಮೊದಲ ದಿನದಿಂದಲೇ ಗೆರೆ ಹಾಕಿಕೊಳ್ಳಬೇಕು: ನೇಮಕ, ರಾಜೀನಾಮೆ, ಆರೋಗ್ಯ, ಇವುಗಳ ವದಂತಿಗೆ ಯಾವತ್ತೂ ಹೌದೂ ಅನ್ನಲ್ಲ, ಇಲ್ಲವೂ ಅನ್ನಲ್ಲ. ಸುದ್ದಿ ಪೂರ್ತಿ ಬೊಗಳೆಯಾಗಿದ್ದರೂ ಅಷ್ಟೇ. ಮೊದಮೊದಲು ಬೈತಾರೆ. ಆಮೇಲೆ ಬೇರೆ ವಿಷಯಗಳಲ್ಲಿ ನೀವು ಹೇಳುವ "ಇಲ್ಲ"ಕ್ಕೆ ತೂಕ ಬರುತ್ತದೆ.

ಇನ್ನೊಂದು. ಕಚೇರಿಯೊಳಗೆ ಬರೆದದ್ದೂ ಹೊರಗೆ ಬರುತ್ತದೆ ಅಂತಲೇ ತಿಳಿದು ಬರೀರಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಗೋಪುರಗಳು ಉರಿಯುತ್ತಿದ್ದಾಗ, ಬ್ರಿಟನ್ನಿನ ಸಚಿವರೊಬ್ಬರ ಸಲಹೆಗಾರ್ತಿ ಜೋ ಮೂರ್ ಸಹೋದ್ಯೋಗಿಗಳಿಗೆ ಒಂದು ಇಮೇಲ್ ಕಳಿಸಿದರು. ಮುಚ್ಚಿಹಾಕಬೇಕಾದ ಸುದ್ದಿ ಏನಾದರೂ ಇದ್ದರೆ ಬಿಡುಗಡೆ ಮಾಡಲು ಇವತ್ತು ಒಳ್ಳೇ ದಿನ ಅನ್ನೋ ಅರ್ಥದ್ದು. ಅದು ಸೋರಿಕೆಯಾಯಿತು. ಇಂಥದ್ದೇ ಇನ್ನೊಂದು ಗಲಾಟೆ ಆದ ಮೇಲೆ 2002ರ ಫೆಬ್ರುವರಿಯಲ್ಲಿ ಕೆಲಸ ಹೋಯಿತು. ಕೆಟ್ಟ ಸುದ್ದಿಯನ್ನು ದೊಡ್ಡ ಸುದ್ದಿಯ ಮರೆಯಲ್ಲಿ ಬಿಡೋದು ಈ ವೃತ್ತಿಯಲ್ಲಿ ಹೊಸದೇನಲ್ಲ. ಆದರೆ ಯಾವ ದಿನ ಅದನ್ನು ಯೋಚಿಸಿದಿರಿ ಅನ್ನೋದು ನಿಮ್ಮ ಬಗ್ಗೆ ಹೇಳುತ್ತದೆ.

ಮೂರನೇ ಸಾಲು:

ಪಬ್ಲಿಕ್ ಅಫೇರ್ಸ್ ಬಗ್ಗೆ ನಾನು ಹೇಳ್ತೀನಿ, ನನ್ನ ಕೆಲಸ ಅದೇ. ಕಂಪನಿಯೋ ಸಂಘವೋ ಒಂದು ಮಸೂದೆ, ಒಂದು ನಿಯಮ ತಮಗೆ ಹೇಗೆ ತಟ್ಟುತ್ತದೆ ಅಂತ ಸರ್ಕಾರಕ್ಕೆ ತಿಳಿಸಬೇಕು. ಅದನ್ನು ಓದಿ, ಅರ್ಥ ಮಾಡಿಕೊಂಡು, ಸರಿಯಾದ ಮೇಜಿಗೆ ಸರಿಯಾದ ಹೊತ್ತಿಗೆ ಮುಟ್ಟಿಸೋದು ನಾವು. ಕ್ಯಾಮೆರಾ ಮುಂದೆ ಬರೋದು ಕಡಿಮೆ. ಕರಡು ನಿಯಮದ ನಲವತ್ತನೇ ಪುಟದ ಅಡಿಟಿಪ್ಪಣಿ ಓದೋದು ಜಾಸ್ತಿ. ಬೇಜಾರಾಗದವರಿಗೆ ಒಳ್ಳೇ ಕೆಲಸ.

ಹೋಗುವ ಮುಂಚೆ ಕಾನೂನು ನೋಡಿಕೊಳ್ಳಿ, ದೇಶದಿಂದ ದೇಶಕ್ಕೆ ಬೇರೆ. ಕೆನಡಾದಲ್ಲಿ ಸಚಿವರ ಸಿಬ್ಬಂದಿಯಾಗಿದ್ದವರು ಕೆಲಸ ಬಿಟ್ಟ ಮೇಲೆ ಐದು ವರ್ಷ ಲಾಬಿ (ಹಣ ಪಡೆದು ಇನ್ನೊಬ್ಬರ ಪರವಾಗಿ ಸರ್ಕಾರದ ಮೇಲೆ ಪ್ರಭಾವ ಬೀರೋದು) ಮಾಡುವ ಹಾಗಿಲ್ಲ. ಅಮೆರಿಕದಲ್ಲಿ 1995ರ ಕಾಯ್ದೆಯ ಪ್ರಕಾರ ಲಾಬಿ ಮಾಡುವವರು ನೋಂದಾಯಿಸಿಕೊಳ್ಳಬೇಕು. ಯಾರ ಪರವಾಗಿ, ಎಷ್ಟು ಹಣಕ್ಕೆ ಅನ್ನೋದನ್ನು ಈಗ ಮೂರು ತಿಂಗಳಿಗೊಮ್ಮೆ ತಿಳಿಸಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಹಾಗಾಗಿ ಅಂಕಣವನ್ನೂ ಇದನ್ನೂ ಒಟ್ಟಿಗೆ ಮಾಡ್ತೀನಿ ಅನ್ನೋ ಯೋಚನೆ ಇದ್ದರೆ ಬಿಡಿ.

ಕರಡುಪ್ರತಿ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮಾಜಿ ವಕ್ತಾರೆ ಮೇಡಂ, ಮುಂದಿನ ವಾರ ಅವರ ಜೊತೆ ಮಾತುಕತೆ ಇದೆ. ಸಂಬಳ ಬಿಟ್ಟು ಇನ್ನೇನು ಕೇಳಬೇಕು? ಕೇಳಿದರೆ ಅಹಂಕಾರಿ ಅಂದುಕೊಳ್ಳಲ್ವಾ?

ಮಾಜಿ ವಕ್ತಾರೆ:

ಅಂದುಕೊಂಡರೆ ಅಂದುಕೊಳ್ಳಲಿ, ಆಗಲೇ ಗೊತ್ತಾಗೋದು ಒಳ್ಳೇದು.

ತೀರ್ಮಾನದ ಸಭೆಗಳಲ್ಲಿ ನನಗೆ ಕುರ್ಚಿ ಇರುತ್ತದಾ ಅಂತ ಕೇಳಿ. "ಸಭೆ ಮುಗಿದ ಮೇಲೆ ಪಿ.ಎ. ನಿಮಗೆ ಹೇಳ್ತಾರೆ" ಅಂದರೆ ನನ್ನ ಮಟ್ಟಿಗೆ ಅಲ್ಲಿಗೆ ಮಾತುಕತೆ ಮುಗೀತು. ರಾತ್ರಿ ಹತ್ತಕ್ಕೆ ಹೇಳಿಕೆ ಬೇಕಾದರೆ ಒಪ್ಪಿಗೆ ಕೊಡುವ ಒಬ್ಬರು ಯಾರು, ಅದನ್ನೂ ಕೇಳಿ. ಮೂರು ಹೆಸರು ಹೇಳಿದರೆ ಯಾರೂ ಇಲ್ಲ ಅಂತ ಅರ್ಥ. ನಾಯಕರ ಹೆಸರಲ್ಲಿ ಪತ್ರಕರ್ತರ ಜೊತೆ ಮಾತಾಡುವ ಅಣ್ಣ, ಅಳಿಯ, ಹಳೇ ಗೆಳೆಯ ಯಾರಾದರೂ ಇದ್ದಾರಾ? ಇದನ್ನು ಅವರನ್ನು ಕೇಳಬೇಡಿ. ನಿಮ್ಮ ವರದಿಗಾರ ಗೆಳೆಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ನೀವು ಬರೋ ಮುಂಚೆ ಈ ಕೆಲಸದಲ್ಲಿದ್ದವರು ಯಾಕೆ ಬಿಟ್ಟರು ಅನ್ನೋದನ್ನೂ ಆ ಗೆಳೆಯರ ಹತ್ತಿರವೇ ವಿಚಾರಿಸಿ.

ಕೆಲಸ ಒಪ್ಪಿಕೊಂಡಿರಿ ಅಂದುಕೊಳ್ಳಿ, ಆಗ ನಿಮ್ಮ ಪತ್ರಿಕೆಯಲ್ಲಿ ರಾಜಕೀಯ ಸುದ್ದಿಯ ಇನ್ನೊಂದು ಸಾಲನ್ನೂ ತಿದ್ದಬೇಡಿ. ನೋಟಿಸ್ ಅವಧಿ ಇದ್ದರೂ ರಾಜಕೀಯದ ಪುಟ ಬಿಟ್ಟು ಬೇರೆ ಕೊಡಿ ಅಂತ ಸಂಪಾದಕರಿಗೆ ಹೇಳಿ, ಕಾರಣವನ್ನೂ ಹೇಳಿ. ಮುಂದೆ ನಿಮಗೆ ಅಂಕಣ ಕೊಡಬೇಕಾದವರೂ ಅವರೇ ಇರಬಹುದು.

ಮಾದರಿಗೆ ಏನಾದರೂ ಬರೆದು ತನ್ನಿ ಅಂತ ಅವರು ಕೇಳಿಯೇ ಕೇಳ್ತಾರೆ. ಹೊಗಳುವ ಭಾಷಣ ಒಯ್ಯಬೇಡಿ, ಅದನ್ನು ಬರೆಯುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮೇಲೆ ಈಚೆಗೆ ಬಂದ ಒಂದು ಆರೋಪ ತೆಗೆದುಕೊಳ್ಳಿ. ಒಂದು ಪುಟ, ಕೆಟ್ಟ ಪ್ರಶ್ನೆ ಮೊದಲು, ಪ್ರತಿ ಉತ್ತರ ಮೂರು ವಾಕ್ಯದೊಳಗೆ. ಓದುವಾಗ ಅವರು ಏನು ಮಾಡ್ತಾರೆ ನೋಡಿ. ಸಿಟ್ಟಾದರೆ ಪರವಾಗಿಲ್ಲ, ಸಿಟ್ಟಾದ ಮೇಲೆ ಎರಡನೇ ಪ್ರಶ್ನೆಗೆ ಹೋದರೆ ಕೆಲಸ ಒಪ್ಪಿಕೊಳ್ಳಿ.