ಕ್ಯಾಟಲಿಸ್ಟ್ 'ಸಾಯುವುದಕ್ಕೆ' ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಮೀಥೇನ್ ಒಡೆದು ಜಲಜನಕ ಮಾಡುವ ಕ್ಯಾಟಲಿಸ್ಟ್‌ಗಳ ಸಂಶೋಧನೆ ಅದರ ವಿಷಯ. ಕ್ಯಾಟಲಿಸ್ಟ್ ಅಂದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಕ್ಯಾಟಲಿಸ್ಟ್‌ಗೆ 'ವೇಗವರ್ಧಕ', 'ಕ್ರಿಯಾವರ್ಧಕ' ಎರಡೂ ಬಳಕೆಯಲ್ಲಿವೆ. ವೇಗವರ್ಧಕ ಅಂದರೆ ಗಾಡಿಯ ಆಕ್ಸಿಲರೇಟರ್ ನೆನಪಾಗುತ್ತದೆ, ಹಾಗಾಗಿ ನನ್ನ ಮತ ಕ್ರಿಯಾವರ್ಧಕಕ್ಕೆ. ತೊಡಕು ಶುರುವಾಗುವುದು ಇದರ ಮುಂದೆ: ಕೆಲಸ ಮಾಡುತ್ತಲೇ ಅದು ಕೆಟ್ಟುಹೋಗುವುದಕ್ಕೆ, ಅಂದರೆ 'ಸಾಯುವುದಕ್ಕೆ', ಏನನ್ನುವುದು?

ಇವತ್ತು ಜಾಸ್ತಿ ಜಲಜನಕ ಬರುವುದು ನೈಸರ್ಗಿಕ ಅನಿಲದಿಂದ. ಅದರಲ್ಲಿನ ಮೀಥೇನನ್ನು ಹಬೆಯ ಜೊತೆ ಕಾಯಿಸುತ್ತಾರೆ. ಒಂದು ಕೆ.ಜಿ. ಜಲಜನಕ ತೆಗೆಯುವಾಗ ಸುಮಾರು 9-10 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇನ್ನೊಂದು ದಾರಿ, ಗಾಳಿಯೂ ಹಬೆಯೂ ಇಲ್ಲದೆ ಮೀಥೇನನ್ನು ಕಾಯಿಸಿ ಒಡೆಯುವುದು. 16 ಗ್ರಾಂ ಮೀಥೇನ್ ಪೂರ್ತಿ ಒಡೆದರೆ 4 ಗ್ರಾಂ ಜಲಜನಕ, 12 ಗ್ರಾಂ ಗಟ್ಟಿ ಇಂಗಾಲ. ಸುಮ್ನೆ ಕಾಯಿಸಿದರೆ ಸಾವಿರ ಡಿಗ್ರಿ ದಾಟಬೇಕು. ಕ್ಯಾಟಲಿಸ್ಟ್ ಆಗಿ ನಿಕಲ್ ಇದ್ದರೆ 500-700, ಕಬ್ಬಿಣ ಇದ್ದರೆ 700-900 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಆಗುತ್ತದೆ. (ಈ ಬಗೆಯ ಜಲಜನಕಕ್ಕೆ ಇಂಗ್ಲಿಷಿನಲ್ಲಿ ಟರ್ಕಾಯಿಸ್ ಅನ್ನುತ್ತಾರೆ, ಅದು ಒಂದು ಹಸಿರುನೀಲಿ ಕಲ್ಲಿನ ಹೆಸರು. ಕೆಲವರು ಅದನ್ನು 'ವೈಡೂರ್ಯ' ಮಾಡುತ್ತಾರೆ, ಆದರೆ ನಮ್ಮ ನವರತ್ನದ ವೈಡೂರ್ಯ ಬೇರೆ ಕಲ್ಲು. ನಾನು 'ಹಸಿರುನೀಲಿ' ಎಂದು ಬರೆದು ಮುಂದೆ ಹೋದೆ.)

ಸ್ವಾರಸ್ಯ ಇರುವುದು ಆ ಇಂಗಾಲದಲ್ಲಿ. ಲೋಹದ ಕಣದ ಮೇಲೆ ಅದು ನ್ಯಾನೊ ಕೊಳವೆಯಾಗಿ, ಅಂದರೆ ಕಣ್ಣಿಗೆ ಕಾಣದಷ್ಟು ಸಪೂರ ಕೊಳವೆಯಾಗಿ, ಬೆಳೆಯಬಹುದು. ಕಣ ಚಿಕ್ಕದಾದಷ್ಟೂ ಕೊಳವೆ ಸಪೂರ. 1997ರಲ್ಲಿ ಬೆಂಗಳೂರಿನಲ್ಲೇ ಸಿ.ಎನ್.ಆರ್. ರಾವ್ ಅವರ ತಂಡ ಫೆರೊಸೀನ್ ಕಾಯಿಸಿ ಇಂಥ ಕೊಳವೆಗಳನ್ನು ಪಡೆಯಿತು. ಫೆರೊಸೀನ್‌ನಲ್ಲಿ ಕಬ್ಬಿಣವೂ ಇದೆ, ಇಂಗಾಲವೂ ಇದೆ. ಅಂದರೆ ಕ್ಯಾಟಲಿಸ್ಟ್ ಮತ್ತು ಕಚ್ಚಾವಸ್ತು ಎರಡೂ ಒಂದೇ ಪುಡಿಯಲ್ಲಿ! ಇಲ್ಲಿ ಕಬ್ಬಿಣ ವೇಗ ಹೆಚ್ಚಿಸುವುದಷ್ಟೇ ಅಲ್ಲ, ಇಂಗಾಲಕ್ಕೆ ಆಕಾರವನ್ನೂ ಕೊಡುತ್ತದೆ. 'ವರ್ಧಕ'ದಲ್ಲಿ ಆ ಅರ್ಥ ಎಲ್ಲಿದೆ?

ಗೆಳೆಯರೊಬ್ಬರು 'ಹೆಪ್ಪು' ಅಂದರು. ಕೇಳಲು ಚೆನ್ನಾಗಿದೆ. ಆದರೆ ಹೆಪ್ಪು ಹಾಲಿನಲ್ಲಿ ಬೆಳೆಯುತ್ತದೆ, ನಿಕಲ್ ಬೆಳೆಯುವುದಿಲ್ಲ. ಅದು ಬೇಡ. ಕ್ರಿಯಾಪದದ ಚಿಂತೆ ಮಾತ್ರ ಸುಲಭವಾಗಿ ಕಳೆಯಿತು. 'ಕ್ರಿಯಾವರ್ಧಿಸು' ಅಂತ ಯಾರೂ ಅನ್ನುವುದಿಲ್ಲ. 'ನಿಕಲ್ ಮೀಥೇನನ್ನು ಒಡೆಯಿಸುತ್ತದೆ' ಅಂದರೆ ಸಾಕು. ಮಾಡಿಸು, ಬರೆಯಿಸು ಇದ್ದ ಹಾಗೆ.

ಈಗ ನಿಜವಾದ ಪ್ರಶ್ನೆ. ಕ್ಯಾಟಲಿಸ್ಟ್ ಕೊನೆಗೆ ಹಾಗೇ ಉಳಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಇಲ್ಲಿ ಉಳಿಯುವುದಿಲ್ಲ. ಎಷ್ಟೋ ಸಲ ಕಣ ಕೊಳವೆಯ ತುದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯಲು ಆಸಿಡ್‌ನಲ್ಲಿ ತೊಳೆದರೆ ಲೋಹ ಕರಗಿಹೋಗುತ್ತದೆ. ಕೆಲಸ ನಡೆಯುವಾಗಲೇ ಅದು 'ಸಾಯುವುದೂ' ಉಂಟು, ಅದೂ ಬೇರೆ ಬೇರೆ ರೀತಿ. ಅನಿಲದಲ್ಲಿನ ಗಂಧಕ ನಿಕಲ್‌ಗೆ ಅಂಟಿಕೊಂಡು ಕೆಡಿಸುತ್ತದೆ. ಇದಕ್ಕೆ 'ನಂಜು' ಅನ್ನಬಹುದಾ? ಗಾಯಕ್ಕೆ ನಂಜಾಯಿತು ಅನ್ನುವ ಅರ್ಥವೇ ಮಕ್ಕಳಿಗೆ ಮೊದಲು ಹೊಳೆದೀತು ಅನ್ನುವ ಅಳುಕಿದೆ. ಇನ್ನೊಮ್ಮೆ ಇಂಗಾಲವೇ ಕಣವನ್ನು ಸುತ್ತಲೂ ಮುಚ್ಚಿಬಿಡುತ್ತದೆ, ಮೀಥೇನ್ ಲೋಹವನ್ನು ಮುಟ್ಟುವುದೇ ಇಲ್ಲ. 'ಮಸಿ ಹಿಡಿಯುವುದು' ಅಂತ ಬರೆದೆ. ಆದರೆ ಕೊಳವೆಯೂ ಇಂಗಾಲ, ಈ ಹೊದಿಕೆಯೂ ಇಂಗಾಲ. ಒಂದು ಬೇಕಾದದ್ದು, ಇನ್ನೊಂದು ಬೇಡದ್ದು. ಬೇಡದ್ದನ್ನು ಮಾತ್ರ ಮಸಿ ಅಂದರೆ ಸರಿ ಹೋಗುತ್ತದೆ ಅಲ್ವಾ?

ಮೂರನೆಯದಕ್ಕೆ ಪದವೇ ಸಿಕ್ಕಿಲ್ಲ. ಬಿಸಿಗೆ ಲೋಹದ ಸಣ್ಣ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದು ದಪ್ಪಗಾಗುತ್ತವೆ. ಮೇಲ್ಮೈ ಕಡಿಮೆಯಾಗುತ್ತದೆ, ಕೆಲಸವೂ ಇಳಿಯುತ್ತದೆ. 'ಉಂಡೆಗಟ್ಟುವುದು' ಅಂದರೆ ಸುಮ್ಮನೆ ಅಂಟಿಕೊಂಡಂತೆ ಕೇಳಿಸುತ್ತದೆ. 'ಬೆಸುಗೆ' ಅಂದರೆ ಯಾರೋ ಬೇಕೆಂದೇ ಮಾಡಿದ ಹಾಗೆ. ಬೆಳಗಾವಿ ಕಡೆಯ ಫೌಂಡ್ರಿಗಳಲ್ಲೋ, ಲೋಹದ ಪುಡಿ ಒತ್ತಿ ಬಿಡಿಭಾಗ ಮಾಡುವ ವರ್ಕ್‌ಶಾಪ್‌ಗಳಲ್ಲೋ ಇದಕ್ಕೆ ಆಡುಮಾತು ಇದ್ದೇ ಇರಬೇಕು. ಆ ಕೆಲಸ ಬಲ್ಲವರು ಇದ್ದರೆ ತಿಳಿಸಿ. ನಿಘಂಟಿನ ಪದಕ್ಕಿಂತ ಅದೇ ನನಗೆ ಬೇಕಾದದ್ದು.